ಸೋದರಮಾವನ ಪಿಕಪ್

ನಮ್ಮ ಕಡೆ ಮದುವೆಯ ಹೆಣ್ಣನ್ನು ಮನೆಯಿಂದ ಛತ್ರಕ್ಕೆ ಕರೆದೊಯ್ಯುವವನು ಸೋದರಮಾವ. ನನ್ನ ಮಾವ ನನ್ನನ್ನು ಟ್ರ್ಯಾಕ್ಟರಿನಲ್ಲಿ ಜಮಖಾನ ಹಾಸಿ ಕೂರಿಸಿಕೊಂಡು ಹೋಗಿದ್ದರು. ಆಗ ನನಗೆ ನಾಚಿಕೆಯಾಗಿರಲಿಲ್ಲ. ಅದು ಬಂದದ್ದು ಮಗಳ ಮದುವೆಯಲ್ಲಿ.

ನನ್ನ ತಮ್ಮ ಕುಂದಾಣದ ಹತ್ತಿರ ಸೇವಂತಿಗೆ ಬೆಳೆಯುತ್ತಾನೆ. ಅವನ ಪಿಕಪ್ ಇಬ್ಬರು ಓಡಿಸಿ ಬಿಟ್ಟ ಹಳೆಯ ಗಾಡಿ. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಗಾಜು ಇಳಿಸಿ ಹೊರಗೆ ಕೈ ಹಾಕಬೇಕು. ಮಗಳ ಪಿಯುಸಿ ಪರೀಕ್ಷೆಯ ದಿನ ಬಸ್ಸು ತಪ್ಪಿದಾಗ, ಮಾರುಕಟ್ಟೆಗೆ ಹೊರಟಿದ್ದ ಹೂವನ್ನು ಹಾಗೇ ಬಿಟ್ಟು ಅವಳನ್ನು ದೊಡ್ಡಬಳ್ಳಾಪುರಕ್ಕೆ ಮುಟ್ಟಿಸಿದ್ದು ಅದೇ ಗಾಡಿ.

ನಮ್ಮ ಯಜಮಾನರ ಚಿಕ್ಕಪ್ಪನ ಮಗನದು ಸೈಟು ವ್ಯಾಪಾರ. ಅವನ ಕಾರು ಕಪ್ಪಗೆ, ಉದ್ದಕ್ಕೆ ಇದೆ. ಒಳಗೆ ಕೂತರೆ ಹೊರಗಿನ ಸದ್ದೇ ಕೇಳುವುದಿಲ್ಲ. ಒಮ್ಮೆ ಅದರಲ್ಲಿ ಕೂರುವಾಗ ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದೆ.

ಛತ್ರಕ್ಕೆ ಹೊರಡುವ ಸಂಜೆ ಎರಡೂ ನಮ್ಮ ಮನೆಯ ಮುಂದೆ ನಿಂತಿದ್ದವು. ತಮ್ಮ ಪಿಕಪ್ ತೊಳೆದು, ತಾನೇ ಬೆಳೆದ ಸೇವಂತಿಗೆಯ ದಪ್ಪ ಹಾರ ಮುಂದೆ ಕಟ್ಟಿಕೊಂಡು ಬಂದಿದ್ದ. ಹೊಸ ಪಂಚೆ ಉಟ್ಟಿದ್ದ.

"ಏನ್ ಬಾಮೈದ, ಹೆಣ್ಣನ್ನ ಮಾರ್ಕೆಟ್‌ಗೆ ಹಾಕ್ತಿದ್ದೀಯಾ?" ಎಂದು ಕಾರಿನವನು ನಕ್ಕ. ಸುತ್ತಲಿದ್ದವರೂ ನಕ್ಕರು. ತಮ್ಮನೂ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ಹೆಣ್ಣನ್ನ ಕರ್ಕೊಂಡ್ ಬಾ, ಹೊತ್ತಾಯ್ತು" ಎಂದ.

ಬೀಗರು ಓದಿದ ಜನ. ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ಅವರ ಮುಂದೆ ಸಣ್ಣವಳಾಗಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿತ್ತು.

"ಮೂಟೆ ಹೊರೋ ಗಾಡೀಲಿ ಹೆಣ್ಣು ಇಳಿದ್ರೆ ಬೀಗರು ಏನಂದ್ಕೊಳ್ತಾರೋ? ಅವಳು ಕಾರಲ್ಲಿ ಬರ್ಲಿ. ನೀನು ಪಾತ್ರೆ ಸಾಮಾನು ತಗೊಂಡ್ ಬಾ."

ಎಲ್ಲರಿಗೂ ಕೇಳುವಂತೆಯೇ ಹೇಳಿದೆ.

"ಸರಿ ಬಿಡಕ್ಕ" ಎಂದು ಅವನು ಹಾರ ಬಿಚ್ಚಿ ಕಾರಿಗೆ ಕಟ್ಟಲು ಹೋದ. "ಬೇಡ ಗುರು, ಪೇಂಟ್ ಮೇಲೆ ಗೀರ್ ಬೀಳುತ್ತೆ" ಎಂದ ಕಾರಿನವನು. ತಮ್ಮ ಹಾರವನ್ನು ಪಾತ್ರೆಗಳ ಮೇಲೆ ಇಟ್ಟು ಹಗ್ಗ ಬಿಗಿದ. ಮಗಳು ಕಾರಿನ ಗಾಜಿನೊಳಗಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಛತ್ರದ ಬಾಗಿಲಲ್ಲಿ ಬೀಗರು ಕಾರನ್ನು ನೋಡಲೇ ಇಲ್ಲ. "ಸೋದರಮಾವ ಎಲ್ಲಮ್ಮ?" ಎಂದು ಕೇಳಿದರು. ಅವನು ಹಿಂಬಾಗಿಲಲ್ಲಿ ಕೊಳಗ ಇಳಿಸುತ್ತಿದ್ದ.

ಧಾರೆಯ ಹೊತ್ತಿಗೆ ಬಂದು ಮಾವನ ಶಾಸ್ತ್ರವನ್ನೆಲ್ಲ ಮುಗಿಸಿದ, ಊಟಕ್ಕೆ ನಿಲ್ಲಲಿಲ್ಲ. ಅಂದಿನಿಂದ ನಮ್ಮ ಹೊಸಿಲು ತುಳಿದಿಲ್ಲ. ಫೋನು ಮಾಡಿದರೆ ಮಾತಾಡುತ್ತಾನೆ. ಗೌರಿ ಹಬ್ಬಕ್ಕೆ ಬಾಗಿನ ಕಳಿಸಿದ, ತಾನು ಬರಲಿಲ್ಲ.

ಕಳೆದ ತಿಂಗಳು ತಡೆಯಲಾಗದೆ ನಾನೇ ಬಸ್ಸು ಹತ್ತಿ ಹೋದೆ. ಊಟಕ್ಕಿಟ್ಟರು, ಮಡಿಲು ತುಂಬಿದರು. ಹೂವಿನ ಲೋಡು ಹೊರಟಿತ್ತು, "ಹತ್ತಕ್ಕ, ಬಿಡ್ತೀನಿ" ಎಂದ. ಬಾಗಿಲು ತೆಗೆದರೆ ಒಳಗೆ ಕೆಂಪು ಮಕಮಲ್ಲಿನ ಸೀಟು, ಅದರ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ.

"ಇದ್ಯಾವಾಗ ಹಾಕಿಸ್ದೆ?"

"ಮದ್ವೆ ಹಿಂದಿನ್ ವಾರ" ಎಂದ, ಗೇರು ಬದಲಿಸುತ್ತ.

ದಾರಿಯುದ್ದಕ್ಕೂ ಆ ಪ್ಲಾಸ್ಟಿಕ್ಕು ನನ್ನ ಕೆಳಗೆ ಸದ್ದು ಮಾಡುತ್ತಿತ್ತು. ನಮ್ಮ ಬೀದಿ ಬಂದಾಗ "ತಪ್ಪಾಯ್ತು ಕಣೋ" ಎಂದೆ. ಅವನು ಎದುರಿಗೇ ನೋಡುತ್ತಿದ್ದ.

"ಗಾಜು ಇಳ್ಸಿ ಆಚೆ ಕೈ ಹಾಕಕ್ಕ, ಆಗ ತೆಗ್ಯುತ್ತೆ."

ಇಳಿದು, "ಒಳಗ್ ಬಾರೋ, ಒಂದ್ ಲೋಟ ಕಾಫಿ ಕುಡಿ" ಎಂದೆ.

"ಹೂವು ಬಾಡೋಗ್ತವೆ ಕಣಕ್ಕ" ಎಂದು ಗಾಡಿ ಬಿಟ್ಟ. ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟಿನ ಬಳಿಯೇ ನಿಂತಿದ್ದೆ.