ಗೌರಮ್ಮನ ಪುಸ್ತಕಕ್ಕೆ ಬೀಗ ಯಾಕೆ?

"ಬೀಗ ಜಡಿಯಕ್ಕೆ ನಾನೇನು ಒಡ್ವೆ ಬರ್ದಿದ್ದೀನಾ ಸಾರ್?"

ಕಳೆದ ಭಾನುವಾರ ಕುಂಬಾರಕೊಪ್ಪಲಿನ ನಮ್ಮ ಲೈಬ್ರರಿಯಲ್ಲಿ ಗೌರಮ್ಮ ಹೀಗೆ ಕೇಳಿದಾಗ ಲೈಬ್ರರಿಯನ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. (ಅದು ತಿರುಗುತ್ತಿರಲಿಲ್ಲ.)

ಇಲ್ಲಿ ಪ್ರತಿ ಭಾನುವಾರ ಬಡಾವಣೆಯ ಜನ ಸೇರಿ ತಮ್ಮ ಬದುಕಿನ ಬಗ್ಗೆ ಬರೆಯುತ್ತಾರೆ. ನಾನು ಮೇಷ್ಟ್ರು. ಗೌರಮ್ಮ ಅಗ್ರಹಾರದ ಒಂದು ಛತ್ರದಲ್ಲಿ ಅಡುಗೆ ಕೆಲಸದವರು. ಛತ್ರದ ಹಿತ್ತಲಲ್ಲಿ ಕೂತು ತರಕಾರಿ ಹೆಚ್ಚುವ ಹೆಂಗಸರ ಬಗ್ಗೆ ಬರೆದರು. ಮದುವೆ ಊಟ ಹೊಗಳುವ ಒಬ್ಬರೂ ಆ ಕಡೆ ಇಣುಕುವುದಿಲ್ಲವಲ್ಲ ಎಂಬ ಸಿಟ್ಟೂ ಅದರಲ್ಲಿತ್ತು. ಟೈಪ್ ಮಾಡಿಸಿ ಬೈಂಡ್ ಹಾಕಿಸಿದೆವು. ಒಂದೇ ಒಂದು ಪ್ರತಿ.

ಆಮೇಲೆ ನಾನೊಂದು ಘನಕಾರ್ಯ ಮಾಡಿದೆ. "ಗಾಜಿನ ಬೀರುವಿನಲ್ಲಿಡಿ, ಗೌರವ ಇರುತ್ತೆ" ಎಂದೆ. ಇಟ್ಟರು. ಬೀಗ ಹಾಕಿದರು. 'ಮನೆಗೆ ಕೊಡುವುದಿಲ್ಲ' ಅಂತ ಚೀಟಿಯನ್ನೂ ಅಂಟಿಸಿದರು. ನಮ್ಮಲ್ಲಿ ಗೌರವ ಅಂದರೆ ಇಷ್ಟೇ ತಾನೆ? ಹಾರ ಹಾಕು, ಒಳಗೆ ಕೂರಿಸು, ಮುಟ್ಟಬೇಡ!

"ಅದ್ರೊಳಗೆ ನಮ್ ಸಾಕಮ್ಮ ಅವ್ಳೆ ಸಾರ್. ನನ್ ಜೊತೇಲಿ ಈರುಳ್ಳಿ ಕುಯ್ದೋಳು. ಈಗ ಮಂಡಿ ನೋವು, ಇಲ್ಲಿಗಂಟ ಬರಕ್ಕಾಗಲ್ಲ. ಅವ್ಳಿಗೆ ಓದಿ ಕೇಳಿಸ್ಬೇಕು, ಕೊಡಿ" ಎಂದರು ಗೌರಮ್ಮ.

"ಒಂದೇ ಕಾಪಿ ಇರೋದು ಕಣಮ್ಮ. ಹರ್ದೋದ್ರೆ?" ಲೈಬ್ರರಿಯನ್ ಕೇಳಿದರು.

"ಅರ್ದೋಗ್ಲಿ ಬುಡಿ! ಓದಿ ಓದಿ ಅರ್ದೋಗ್ಲಿ. ಇನ್ನೊಂದ್ಸಲ ಬರೀತೀನಿ. ನನ್ ಕೈಯೇನು ಬಿದ್ದೋಗಿಲ್ವಲ್ಲ."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ನನ್ನ ಮೇಲೆಯೇ. ಹಿತ್ತಲಿನಿಂದ ಕಷ್ಟಪಟ್ಟು ಹೊರಗೆ ಬಂದವರನ್ನು ನಾನು ಬೀರುವಿಗೆ ತುಂಬಿಸಿದ್ದೆ.

"ಬೀಗದ ಕೈ ಕೊಡಿ ಸಾರ್" ಎಂದೆ.

"ರೂಲ್ಸ್ ಇಲ್ಲ ಕಣ್ರೀ. ಮೇಲಿನವರನ್ನ ಕೇಳ್ಬೇಕು."

ಕೇಳಿ, ಯಾರು ಬೇಡ ಅಂದರು? ಆದರೆ ಸಾಕಮ್ಮನ ಮಂಡಿ ಅಲ್ಲಿಯವರೆಗೆ ಕಾಯಬೇಕಾ? ಬೀಗದ ಕೈ ಮೇಜಿನ ಮೇಲೇ ಬಿದ್ದಿತ್ತು. ತೆಗೆದುಕೊಂಡೆ. ಬೀರು ತೆಗೆದೆ. ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು, ದೊಡ್ಡದಾಗಿ ಸಹಿ ಹಾಕಿ, ಪುಸ್ತಕವನ್ನು ಗೌರಮ್ಮನ ಕೈಗಿಟ್ಟೆ. ಅವರು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಯಾಕೆ ಹೇಳಬೇಕು?

ಸಾಕಮ್ಮ ಎರಡು ಸಲ ಓದಿಸಿಕೊಂಡರಂತೆ. ಪುಸ್ತಕ ಈಗ ಅವರ ಪಕ್ಕದ ಮನೆಗೆ ಹೋಗಿದೆ. ಒಂದು ಪುಟಕ್ಕೆ ಸಾರು ಚೆಲ್ಲಿದೆಯಂತೆ. ಬಹಳ ಸಂತೋಷ!

ನನಗೆ ನೋಟಿಸ್ ಬರಬಹುದು ಎಂದು ನಿನ್ನೆ ಲೈಬ್ರರಿಯನ್ ಫೋನ್ ಮಾಡಿದ್ದರು. ಬರಲಿ. ಪುಸ್ತಕವನ್ನು ಓದುಗರಿಗೆ ಮುಟ್ಟಿಸಿದ್ದು ಅಪರಾಧ ಎಂದು ಒಂದು ಲೈಬ್ರರಿಯೇ ಬರೆದು, ಸೀಲು ಹೊಡೆದು ಕೊಡುತ್ತದಾ, ನೋಡಿಯೇ ಬಿಡೋಣ!