ಗಡಿಯ ಮೇಲಿನ ಒಲೆ

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀಗದ ಕೈಗೊಂಚಲು ಇಪ್ಪತ್ತಾರು ವರ್ಷದಿಂದ ಅವನ ಸೊಂಟದಲ್ಲಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಬೀಗದಣ್ಣ. ಸಾಧು ಪ್ರಾಣಿ ಎಂದು ಎಲ್ಲರೂ ನಂಬಿದ್ದರು. ನಂಬಲಿ ಬಿಡಿ, ನಮ್ಮ ಗಂಟೇನು ಹೋಗಬೇಕು?

ಹೆಂಡತಿಗೆ ಮಾತ್ರ ಗೊತ್ತಿದ್ದ ಅವನ ಗುಟ್ಟು ಒಂದೇ: ಕಪ್ಪು ಬಳಿದ ಒಂದು ಕರೆಂಟಿನ ಒಲೆ. ಮುಂದೆ ಸಣ್ಣ ತೂತು. ಒಲೆ ಕಾದಾಗ ಅದರಿಂದ ಬರುವ ಬೆಳಕನ್ನು ವಿದ್ಯಾರ್ಥಿಗಳು ಅಳೆಯುತ್ತಿದ್ದರು. ಹಿಂದೆ ಪುಟ್ಟ ಬಾಗಿಲು. ಅದು ಊಟದ ಡಬ್ಬಿಗೆ ಹೇಳಿ ಮಾಡಿಸಿದ ಹಾಗಿತ್ತು. ಹೆಂಡತಿ ನಸುಕಿಗೇ ಎದ್ದು ಬೇಯಿಸುವವಳು. ಸಂಜೆ ಅವಳ ಮೊದಲ ಮಾತು, "ಬಿಸಿಯಾಗಿತ್ತಾ?" ಇತ್ತು ಎನ್ನುವಾಗ ಅವನು ಒಂದು ದಿನವೂ ಸುಳ್ಳು ಹೇಳಿದವನಲ್ಲ. ಆ ಹೆಮ್ಮೆ ಅವನಿಗೆ ಸಂಬಳಕ್ಕಿಂತ ದೊಡ್ಡದು.

ಹೀಗಿರುವಾಗ ಪ್ರಾಂಶುಪಾಲರಿಗೆ ವಸ್ತುಪ್ರದರ್ಶನದ ಹುಚ್ಚು ಹಿಡಿಯಿತು. ಹಳೆಯ ಭೌತಶಾಸ್ತ್ರ ಕೆಳಮಹಡಿಗೆ, ಹೊಸದು ಮೇಲಕ್ಕೆ, ಎಲ್ಲವೂ ಗಾಜಿನ ಬೀರುವಿನೊಳಗೆ. ಲೋಲಕ ಕೆಳಗೆ ಹೋಯಿತು, ಬೆಳಕು ಬಿದ್ದರೆ ಕರೆಂಟು ಹರಿಸುವ ಫೋಟೋಸೆಲ್ ಮೇಲೆ ಹೋಯಿತು. ಒಲೆಯ ಹತ್ತಿರ ಬಂದಾಗ ಜಗಳ ಹತ್ತಿಕೊಂಡಿತು.

"ಶಾಖ ಅಳೆಯೋದು ನಮ್ಮ ಕಾಲದ ವಿದ್ಯೆ. ಕೆಳಗಿಡಪ್ಪ," ಎಂದರು ಹಿರಿಯ ಮೇಷ್ಟ್ರು.

"ನಿಮ್ಮ ಕಾಲದ ಲೆಕ್ಕ ನಂಬಿದ್ರೆ ಈ ತೂತಿಂದ ಕೊನೆಯಿಲ್ಲದಷ್ಟು ಬೆಳಕು ಸುರೀಬೇಕಿತ್ತು. ಸುರೀತಾ ಸಾರ್?" ಎಂದರು ಹೊಸ ಭೌತಶಾಸ್ತ್ರ ಕಲಿಸುವ ಮೇಡಂ. "ಶಕ್ತಿ ಧಾರೆಯಾಗಲ್ಲ, ಚಿಟಿಕೆ ಚಿಟಿಕೆಯಾಗಿ ಬರುತ್ತೆ ಅನ್ನೋ ಲೆಕ್ಕ ಹುಟ್ಟಿದ್ದೇ ಇಂಥ ಒಲೆಯಿಂದ. ಬೀಗದಣ್ಣ, ಮೇಲೆ ತಗೊಂಡು ಬನ್ನಿ."

ಯಾರು ಗೆದ್ದರೂ ಬಡವಾಗುವ ಕೂಸು ತನ್ನ ಡಬ್ಬಿಯೇ ಎಂದು ಬೀಗದಣ್ಣನಿಗೆ ಗೊತ್ತಾಯಿತು. ಅವನು ಪ್ರಾಂಶುಪಾಲರ ಕಡೆ ತಿರುಗಿದ.

"ಸಾರ್, ಹಳೇ ಲೆಕ್ಕ ಪ್ರಾಣ ಬಿಟ್ಟಿದ್ದೂ ಇದರಲ್ಲೇ, ಹೊಸದು ಹುಟ್ಟಿದ್ದೂ ಇದರಲ್ಲೇ ಅಂದ್ರೆ ಇದೇ ಗಡಿ ಅಲ್ವಾ? ಮೆಟ್ಟಿಲು ತಿರುಗೋ ಜಾಗದಲ್ಲೇ ಇರಲಿ. ಬೀರು ಅಲ್ಲಿ ಹಿಡಿಸಲ್ಲ, ನಾನೇ ಕಾಯ್ತೀನಿ."

ಅವನ ಸ್ಟೂಲು ಇದ್ದದ್ದು ಅಲ್ಲೇ, ಪ್ಲಗ್ಗೂ ಅಲ್ಲೇ. ಪ್ರಾಂಶುಪಾಲರು ತಲೆದೂಗಿದರು.

ಮರುದಿನ ಮಧ್ಯಾಹ್ನ ಮೇಡಂ ಗಡಿ ನೋಡಲು ಇಳಿದು ಬಂದರು, ಮೇಷ್ಟ್ರು ಹತ್ತಿ ಬಂದರು. ಮೇಡಂ ಹಿಂದಿನ ಬಾಗಿಲು ತೆಗೆದೇಬಿಟ್ಟರು. ಒಳಗೆ ಬೀಗದಣ್ಣನ ಊಟದ ಡಬ್ಬಿ.

"ಎಷ್ಟು ದಿನದಿಂದ ಇದು?"

"ಇಪ್ಪತ್ತಾರು ವರ್ಷ, ಮೇಡಂ."

"ಅದಕ್ಕೇ ಮಧ್ಯಾಹ್ನದ ಅಳತೆ ಯಾವತ್ತೂ ಸರಿಬರ್ತಿರಲಿಲ್ಲ!" ಎಂದು ಮೇಷ್ಟ್ರು ಗುಡುಗಿದರು. ಅಷ್ಟರಲ್ಲಿ ಮೇಡಂ ಮುಚ್ಚಳ ತೆಗೆದಿದ್ದರು, ಘಮ ಮೂಗಿಗೆ ಬಡಿದಿತ್ತು. ಅವರು ಒಂದು ತುತ್ತು, ಇವರು ಒಂದು ತುತ್ತು. ಡಬ್ಬಿಯ ತಳ ಕಂಡಾಗಲೇ ಇಬ್ಬರಿಗೂ ಎಚ್ಚರವಾದದ್ದು.

ಸಂಜೆ ಹೆಂಡತಿ ಕೇಳಿದಳು, "ಬಿಸಿಯಾಗಿತ್ತಾ?"

ಅವನಿಗೆ ಸಿಕ್ಕಿದ್ದು ಎರಡೇ ತುತ್ತು. "ಬಿಸಿಯಾಗೇ ಇತ್ತು ಕಣೇ. ನಾಳೆಯಿಂದ ಮೂರು ಜನಕ್ಕೆ ಕಟ್ತೀಯಾ? ಮೇಷ್ಟ್ರು, ಮೇಡಂ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇವತ್ತೇ ಮೊದಲು. ಅದೂ ನಿನ್ನ ಕೈರುಚಿಗೆ."

ಅವಳು ಗೋಡೆಯ ಹಲಗೆಯ ಮೇಲಿದ್ದ ದೊಡ್ಡ ಡಬ್ಬಿಯ ಕಡೆ ತಿರುಗಿದಳು. "ಆ ಒಲೆ ಬಾಗಿಲು ಎಷ್ಟಗಲ ಇದೆ, ಅಳ್ಕೊಂಡು ಬನ್ನಿ," ಎಂದಳು.