ತೊಳೆದಿಟ್ಟ ಮಡಕೆ

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ದ್ರಾಕ್ಷಾಯಣಮ್ಮನ ಅಂಬಲಿ ಹನ್ನೊಂದು ಗಂಟೆಯ ಮೇಲೆ ಸಿಗುವುದಿಲ್ಲ. ನಾನು ಅಲ್ಲಿನ ಹೈಸ್ಕೂಲಿನ ಮೇಷ್ಟ್ರು, ಹದಿನಾಲ್ಕು ವರ್ಷದಿಂದ ಆಕೆಯ ಗಿರಾಕಿ. ಹಾಗಾಗಿ ಈ ವಿಷಯದಲ್ಲಿ ನನ್ನಿಂದ ತಣ್ಣಗಿನ ಮಾತು ಯಾರೂ ನಿರೀಕ್ಷಿಸಬೇಡಿ.

ಆಕೆಯ ಊರು ಮಾದಿಹಳ್ಳಿ. ಅಡುಗೆಮನೆ ಮೂಲೆಯಲ್ಲಿ ಅತ್ತೆ ಕೊಟ್ಟುಹೋದ ಕಪ್ಪು ಮಡಕೆ. ಸಂಜೆ ಅದರಲ್ಲಿ ರಾಗಿಹಿಟ್ಟು ಕಲಸಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಅದನ್ನು ಕಾಯಿಸಿ, ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದರೆ ಅಂಬಲಿ. ಮಡಕೆಯ ತಳದಲ್ಲಿ ಮಾತ್ರ ಒಂದು ಲೋಟದಷ್ಟು ಹಳೇ ಹುಳಿ ಬಿಡಲೇಬೇಕು. ಇಪ್ಪತ್ತೆರಡು ವರ್ಷ ಆ ಮಡಕೆ ಬರಿದಾಗಿಲ್ಲ, ಸೋಪು ಕಂಡಿಲ್ಲ. ಯಾರೇ ಬಂದು ಹುಳಿ ಕೇಳಿದರೂ ಇಲ್ಲವೆನ್ನಬಾರದು, ಅದಕ್ಕೆ ದುಡ್ಡು ಮುಟ್ಟಬಾರದು. ಅತ್ತೆ ಹೇಳಿಕೊಟ್ಟದ್ದು ಇಷ್ಟೇ.

ಕಳೆದ ಡಿಸೆಂಬರಿನಲ್ಲಿ ಬೇಲೂರು ರಸ್ತೆಯ ದೊಡ್ಡ ಹೋಟೆಲಿನಲ್ಲಿ ಲೋಕದ ಹುಳಿ ಪಾನೀಯಗಳ ಮೇಳ ಮಾಡಿದರು. ಮ್ಯಾನೇಜರ್ ರಘುರಾಮ್ ತಾನೇ ಬಂದು, "ಮಡಕೆ ಸಮೇತ ಬನ್ನಿ ಅಮ್ಮಾ, ಜನ ನೋಡ್ಲಿ" ಎಂದು ಕರೆದ. ಆಕೆ ನಂಬಿದಳು. ನಾನೂ ಜೊತೆಗೆ ಹೋದೆ.

ಹೋಟೆಲಿನ ಸಭಾಂಗಣದ ಗೋಡೆಗೆ ಬಣ್ಣದ ಬೋರ್ಡುಗಳು. ರಷ್ಯಾದಲ್ಲಿ ರೊಟ್ಟಿ ಹುಳಿಸಿ ಕ್ವಾಸ್ ಮಾಡುತ್ತಾರೆ, ಬೇಸಿಗೆಯಲ್ಲಿ ಬೀದಿಯಲ್ಲೇ ಮಾರುತ್ತಾರೆ. ಟರ್ಕಿಯಲ್ಲಿ ಧಾನ್ಯದ ಬೋಜಾ, ಚಳಿಗಾಲದಲ್ಲಿ ಮನೆಮನೆ ಮುಂದೆ ಕೂಗಿಕೊಂಡು ಬರುತ್ತಾರೆ. ಮೆಕ್ಸಿಕೋದಲ್ಲಿ ಅನಾನಸ್ ಸಿಪ್ಪೆಯ ತೆಪಾಚೆ. ಎಲ್ಲ ಬೀದಿ ವ್ಯಾಪಾರಿಗಳನ್ನೂ ಹೊಗಳಿದ್ದೇ ಹೊಗಳಿದ್ದು! ನಮ್ಮ ಬೀದಿ ವ್ಯಾಪಾರಿಯನ್ನು ಮಾತ್ರ ಹಿಂಬಾಗಿಲಲ್ಲಿ ನಿಲ್ಲಿಸಿ, ಮಡಕೆಯನ್ನಷ್ಟೇ ಒಳಗೆ ಒಯ್ದಿದ್ದರು. ಆಕೆಯ ಅಂಬಲಿಗೆ 'ಲೋಕಲ್ ರಾಗಿ ಡ್ರಿಂಕ್' ಎಂಬ ಚೀಟಿ. ಊರಿಲ್ಲ, ಹೆಸರಿಲ್ಲ. ನನ್ನ ಮೈ ಉರಿದುಹೋಯಿತು.

ಮಧ್ಯಾಹ್ನ ಒಳಗೆ ಹೋಗಿ ಮಡಕೆ ವಾಪಸ್ ಕೇಳಿದಾಗ ಒಬ್ಬ ಹುಡುಗಿ ತಂದುಕೊಟ್ಟಳು. ಒಳಗಿನ ಕಪ್ಪೆಲ್ಲ ಹೋಗಿ ಕೆಂಪಗೆ ಹೊಳೆಯುತ್ತಿತ್ತು, ನಿಂಬೆ ಸೋಪಿನ ವಾಸನೆ.

"ಎಷ್ಟು ಕೊಳೆಯಾಗಿತ್ತು ಗೊತ್ತಾ ಅಮ್ಮಾ? ಚೆನ್ನಾಗಿ ಉಜ್ಜಿಸಿದ್ದೀನಿ" ಎಂದ ರಘುರಾಮ್, ಉಪಕಾರ ಮಾಡಿದವನಂತೆ.

"ತಳದಾಗೆ ಹುಳಿ ಇತ್ತಲ್ಲಪ್ಪಾ?"

"ಆ ಗಬ್ಬು ನೀರಾ? ಚೆಲ್ಲಿಬಿಟ್ವಿ."

ದ್ರಾಕ್ಷಾಯಣಮ್ಮ ಮಡಕೆಯೊಳಗೆ ಕೈಯಿಟ್ಟು ತಡವಿದಳು. ನಾನು ಸುಮ್ಮನಿರಲಿಲ್ಲ. ಪಕ್ಕದ ಮೇಜಿನ ಮೇಲೆ ಗಾಜಿನ ಜಾಡಿಯಲ್ಲಿ ಕೊಂಬುಚಾ, ಅಂದರೆ ಹುಳಿಸಿದ ಟೀ. ಮೇಲೆ ಕೆನೆಯಂಥ ಲೋಳೆ ತೇಲುತ್ತಿತ್ತು. ಜಾಡಿಗೆ ಬಿಳೀ ಬಟ್ಟೆ, ಬಟ್ಟೆಗೊಂದು ಚೀಟಿ: 'ತೊಳೆಯಬೇಡಿ, ಅಲುಗಿಸಬೇಡಿ.'

"ಇದಕ್ಕೆ ಕಾವಲು, ನಮ್ಮದಕ್ಕೆ ಸೋಪು! ಇದ್ಯಾವ ನ್ಯಾಯ ಕಣ್ರೀ?" ಎಂದು ಕೂಗಾಡಿದೆ. ಅವನು ಮಡಕೆಗೆ ದುಡ್ಡು ಕೊಡ್ತೀನಿ ಎಂದ. ದುಡ್ಡಂತೆ!

ಐದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅಂಬಲಿ ಇರಲಿಲ್ಲ. ಹೊಸದಾಗಿ ಕಲಸಿಟ್ಟದ್ದಕ್ಕೆ ವಾಸನೆ ಬಂತೇ ಹೊರತು ಆ ರುಚಿ ಬರಲಿಲ್ಲ. ಅತ್ತೆಯನ್ನು ಇನ್ನೊಮ್ಮೆ ಕಳಕೊಂಡಂತಾಯಿತು ಎಂದು ಆಕೆ ಅತ್ತಳು. ಐದನೇ ದಿನ ಆಕೆಗೆ ನೆನಪಾಯಿತು: ಬೇಲೂರಿನ ಚೆಲುವಾಂಬ ಎಂಬ ಟೀಚರ್ ಆರು ವರ್ಷದ ಹಿಂದೆ ಹುಳಿ ಕೇಳಿ ಒಯ್ದಿದ್ದರು. ಓಡಿಹೋದೆವು. ಅವರು ಅದನ್ನು ಬಿಡದೆ ಸಾಕಿಕೊಂಡು ಬಂದಿದ್ದರು, ಒಂದು ಚೊಂಬು ತುಂಬಿಕೊಟ್ಟರು. ಮರುದಿನ ಬೆಳಿಗ್ಗೆ ಮೊದಲ ಲೋಟ ನಾನೇ ಕುಡಿದೆ. ಅದೇ ರುಚಿ.

ಹೋದ ವಾರ ರಘುರಾಮ್ ಬಸ್‌ಸ್ಟ್ಯಾಂಡಿಗೇ ಬಂದ. ಗೆಸ್ಟುಗಳು ಅಂಬಲಿಯನ್ನೇ ಕೇಳುತ್ತಾರಂತೆ, ಹೋಟೆಲಿನ ಅಡುಗೆಯವರಿಗೆ ಹುಳಿ ಕೂಡುತ್ತಿಲ್ಲವಂತೆ.

"ಸ್ವಲ್ಪ ಹುಳಿ ಕೊಡ್ತೀರಾ ಅಮ್ಮಾ?"

ನಾನು ಲೋಟ ಕುಕ್ಕಿ ಎದ್ದೆ. ಅಷ್ಟರಲ್ಲಿ ದ್ರಾಕ್ಷಾಯಣಮ್ಮ, "ನಾಳೆ ಡಬ್ಬಿ ತಗೊಂಬಾ" ಎಂದುಬಿಟ್ಟಳು. ಮರುದಿನ ಅವನ ಡಬ್ಬಿ ತುಂಬಿಸಿಯೂ ಕೊಟ್ಟಳು. ಅವನು ಹೋದಮೇಲೆ ಆಕೆಯ ಮೇಲೇ ರೇಗಿದೆ.

"ಮರ್ಯಾದೆ ಬೇಡ್ವೇನಮ್ಮಾ? ಚೆಲ್ಲಿದವನಿಗೇ ಕೊಡೋದಾ?"

"ಚೆಲುವಮ್ಮಾರಿಗೆ ಕೊಟ್ಟಿದ್ದಕ್ಕೇ ಉಳೀತು ಮೇಷ್ಟ್ರೇ. ಅವನತ್ರಾನೂ ಒಂದು ಡಬ್ಬಿ ಇರ್ಲಿ. ನಾಳೆ ಇನ್ಯಾವನಾದ್ರೂ ನನ್ನ ಮಡಕೆ ತೊಳೆದ್ರೆ, ಅವನ ಬಾಗಿಲಿಗೇ ಹೋಗಿ ಕೇಳ್ತೀನಿ. ಇಲ್ಲ ಅನ್ನಂಗಿಲ್ಲ, ಅಂತ ಹೇಳೇ ಕಳಿಸಿವ್ನಿ."